ನೀರಿಗೆ ಉತಾರ ಇಲ್ಲ

ಓದುಗರ ಪತ್ರ: "ಆಲಮಟ್ಟಿ ಹಿನ್ನೀರಿನ ಮೀನುಗಾರರಿಗೂ ಸರ್ಕಾರದ ನೆರವು ಸಿಗಬೇಕು ಅಂತ ಹೋದ ಸಂಚಿಕೆಯಲ್ಲಿ ನೀವು ಬರೆದದ್ದು ನನಗೆ ಸರಿ ಕಾಣಲಿಲ್ಲ. ನಾನು ಇದ್ದ ಹೊಲದಲ್ಲೇ ಹೊಂಡ ತೋಡಿ, ಸಾಲ ಮಾಡಿ ಮೀನು ಸಾಕುತ್ತಿದ್ದೇನೆ. ಸಬ್ಸಿಡಿ ಕೈಸೇರಲು ವರ್ಷ ಓಡಾಡಿದ್ದೇನೆ. ಹಿನ್ನೀರಿನವರಿಗೆ ಮಾತ್ರ ಬಲೆ, ಹರಿಗೋಲು ಎಲ್ಲ ಪುಕ್ಕಟೆ. ಅವರು ಒಂದು ಮರಿಯನ್ನೂ ಬಿಡುವುದಿಲ್ಲ, ಬರೀ ಹಿಡಿಯುತ್ತಾರೆ. ಕೆರೆಗಳನ್ನು ಹೆಚ್ಚು ಹಣ ಕೂಗಿದವರಿಗೆ ಹರಾಜು ಹಾಕಿದರೆ ಪಂಚಾಯ್ತಿಗೂ ದುಡ್ಡು ಬರುತ್ತದೆ, ಮೀನೂ ಜಾಸ್ತಿ ಬೆಳೆಯುತ್ತದೆ. ಸರ್ಕಾರದ ನೆರವು ದುಡಿಯುವ ರೈತನಿಗೆ ಸಿಗಬೇಕು." (ಮುಧೋಳ ತಾಲೂಕಿನ ಯುವ ಮೀನು ಕೃಷಿಕರೊಬ್ಬರು)

ಪ್ರಿಯ ಮಿತ್ರರೇ,

ನಿಮ್ಮ ಪತ್ರ ಸಿಟ್ಟಿನದು. ಆದರೂ ಮೂರು ಸಲ ಓದಿದೆ. ಮುಧೋಳದಂಥ ಕಬ್ಬಿನ ಸೀಮೆಯಲ್ಲಿ, ಸುತ್ತಲಿನವರೆಲ್ಲ ಕಬ್ಬು ಹಚ್ಚುವಾಗ, ಒಬ್ಬ ಹುಡುಗ ಹೊಲ ತೋಡಿ ಮೀನು ಬಿಡುತ್ತಾನೆ ಅಂದರೆ ಅದಕ್ಕೆ ಗುಂಡಿಗೆ ಬೇಕು. ಊರವರು ಆಡಿಕೊಂಡಿರಬೇಕು. ಮನೆಯಲ್ಲಿ ಹಿರಿಯರು ಬೈದಿರಲೂಬಹುದು. ನಿಮ್ಮ ಓಡಾಟವೂ ನನಗೆ ಗೊತ್ತು. 2020ರ ಸೆಪ್ಟೆಂಬರ್‌ನಲ್ಲಿ 20,050 ಕೋಟಿ ರೂಪಾಯಿಯ ಮತ್ಸ್ಯ ಸಂಪದ ಯೋಜನೆ ಶುರುವಾದಾಗ ಕೇಳಲು ಹಿತವಾಗಿತ್ತು. ಒಂದು ಹೆಕ್ಟೇರ್ ಹೊಸ ಹೊಂಡಕ್ಕೆ 7 ಲಕ್ಷ ಎಂದು ಲೆಕ್ಕ ಹಿಡಿದರು. ಅದರಲ್ಲಿ ಸಾಮಾನ್ಯ ವರ್ಗಕ್ಕೆ ಶೇ 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇ 60 ಸಹಾಯಧನ. ಅಂದರೆ ನಿಮ್ಮಂಥವರು ಹೆಕ್ಟೇರಿಗೆ 4.2 ಲಕ್ಷ ಕೈಯಿಂದ ಹಾಕಬೇಕು. ಉಳಿದದ್ದು ಕೈಸೇರುವ ತನಕ ಬಡ್ಡಿಯೂ ನಿಮ್ಮದೇ. ಇದು ಕಷ್ಟ. ಒಪ್ಪಿದೆ.

ಪಂಚಾಯ್ತಿಗೆ ಆದಾಯ ಬೇಕು ಎನ್ನುವುದನ್ನೂ ಒಪ್ಪಿದೆ. ಆದರೆ ನಿಮ್ಮ ಕೊನೆಯ ಸಾಲು ನನ್ನನ್ನು ರಾತ್ರಿಯಿಡೀ ಕಾಡಿತು. "ದುಡಿಯುವ ರೈತನಿಗೆ ಸಿಗಬೇಕು." ಹಿನ್ನೀರಿನಲ್ಲಿ ನಸುಕಿನ ನಾಲ್ಕಕ್ಕೆ ಹರಿಗೋಲು ಇಳಿಸುವವನು ದುಡಿಯುವವನಲ್ಲವಾ?

ಎರಡು ವರ್ಷದ ಹಿಂದೆ ಬೀಳಗಿ ತಾಲೂಕಿನ ಒಬ್ಬ ಮೀನುಗಾರರ ಜೊತೆ ನಾನೇ ಒಂದು ಬ್ಯಾಂಕಿಗೆ ಹೋಗಿದ್ದೆ. ಯಾವ ಬ್ಯಾಂಕು ಅಂತ ಬರೆಯುವುದಿಲ್ಲ. ಅವರಿಗೆ ಬೇಕಿದ್ದದ್ದು ಬಲೆಗೆ, ಬರ್ಫದ ಪೆಟ್ಟಿಗೆಗೆ ಅರವತ್ತು ಸಾವಿರ. ಕಿಸಾನ್ ಕ್ರೆಡಿಟ್ ಕಾರ್ಡನ್ನು ಮೀನುಗಾರರಿಗೂ ಕೊಡಬೇಕೆಂದು 2018ರ ಬಜೆಟ್ಟಿನಲ್ಲೇ ಹೇಳಿದ್ದಾರೆ. ಅದನ್ನು ಓದಿಕೊಂಡೇ ಹೋಗಿದ್ದೆ. ಕುರ್ಚಿಯಲ್ಲಿದ್ದ ಅಧಿಕಾರಿ ಒಳ್ಳೆಯವರೇ, ಚಹಾ ತರಿಸಿದರು. ಅರ್ಜಿ ತಿರುವಿ ಹಾಕಿ ಕೇಳಿದರು, "ಉತಾರ ಎಲ್ಲಿ?" ಉತಾರ ಅಂದರೆ ಹೊಲದ ಪಹಣಿ ಕಾಗದ.

ಮೀನುಗಾರರು ಕೈಯಲ್ಲಿದ್ದ ಟೋಪಿ ತಿರುಗಿಸುತ್ತ ಹೇಳಿದರು, "ಸಾಹೇಬ್ರ, ನಮ್ಮ ಹೊಲ ನೀರಾಗ ಐತ್ರಿ."

ಅವರು ಹೇಳಿದ್ದು ನಿಜ. ಅವರ ಅಪ್ಪನ ಮೂರು ಎಕರೆ ಆಲಮಟ್ಟಿ ಹಿನ್ನೀರಿನ ತಳದಲ್ಲಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಬಾವಿಯ ಕಟ್ಟೆ ಕಾಣುತ್ತದಂತೆ. ಉಳಿದ ತಿಂಗಳಲ್ಲಿ ಅದರ ಮೇಲೆಯೇ ಬಲೆ ಬೀಸುತ್ತಾರೆ. ಅಂದು ಸಾಲ ಸಿಗಲಿಲ್ಲ. ಮುಂಗಡ ಕೊಡುವ ವ್ಯಾಪಾರಿಯ ಬಳಿಯೇ ಹೋದರು. ಮುಂಗಡ ತಗೊಂಡಮೇಲೆ ಮೀನನ್ನು ಅವನಿಗೇ ಹಾಕಬೇಕು, ಅವನು ಹೇಳಿದ ರೇಟಿಗೇ ಹಾಕಬೇಕು. ಆ ಕಾರ್ಡಿನ ನಿಯಮದಲ್ಲಿ ಹೊಂಡ, ಕೆರೆ ಸ್ವಂತದ್ದಾದರೂ ನಡೆಯುತ್ತದೆ, ಗುತ್ತಿಗೆಯದಾದರೂ ನಡೆಯುತ್ತದೆ. ಹಾಗಿದ್ದೂ ಕೇಳುವುದು ಉತಾರವನ್ನೇ. ನಮ್ಮ ಕಚೇರಿಗಳಿಗೆ ಉತಾರ ಇದ್ದವನು ಮಾತ್ರ ರೈತನಾಗಿ ಕಾಣುತ್ತಾನೆ. ಬರ ಬಂದರೆ ಪರಿಹಾರ ಹೊಲಕ್ಕೆ, ವಿಮೆ ಬೆಳೆಗೆ, ಸಬ್ಸಿಡಿ ಹೊಂಡಕ್ಕೆ. ನೀರಿಗೆ ಉತಾರ ಇಲ್ಲವಲ್ಲ, ನೀರಿನ ಮೇಲೆ ಬದುಕುವವನು ಯಾವ ಕಾಗದ ತೋರಿಸಬೇಕು? ಇದನ್ನು ಹತ್ತು ವರ್ಷದಿಂದ ಬರೆಯುತ್ತಿದ್ದೇನೆ. ಇನ್ನೂ ಬರೆಯುತ್ತೇನೆ.

1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಕೃಷ್ಣೆಯ ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟರು. ಇವತ್ತು ಅಲ್ಲಿ ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರದ ತನಕ ನೀರು ನಿಲ್ಲುತ್ತದೆ, 524.256ಕ್ಕೆ ಏರಿಸುವ ಮಾತು ನಡೆದೇ ಇದೆ. ಹಳೆ ಬಾಗಲಕೋಟೆಯ ಓಣಿಗಳು ಮುಳುಗಿದವು, ನವನಗರ ಎದ್ದಿತು. ಆ ಕಥೆ ನಿಮಗೆ ಹೇಳಬೇಕಿಲ್ಲ. ಆದರೆ ನದಿಯೊಳಗೆ ಏನಾಯಿತು ಅಂತ ಕೇಳಿದವರು ಕಡಿಮೆ. ಹರಿಯುವ ನೀರಿನಲ್ಲಿ ಮೇಲಕ್ಕೇರಿ ಮೊಟ್ಟೆ ಇಡುತ್ತಿದ್ದ ಮೀನಿಗೆ ಅಣೆಕಟ್ಟು ಅಡ್ಡ ಬಂತು. ಅಂಬಿಗರ ಮನೆಗಳಲ್ಲಿ ಅಜ್ಜಂದಿರು ಹೇಳುವ ಎಷ್ಟೋ ಮೀನಿನ ಹೆಸರು ಮೊಮ್ಮಕ್ಕಳಿಗೆ ಗೊತ್ತಿಲ್ಲ. ಮೀನೇ ಕಾಣದಿದ್ದರೆ ಹೆಸರು ಹೇಗೆ ಉಳಿದೀತು? ಈಗ ಹಿನ್ನೀರಿನ ದುಡಿಮೆ ಬಹಳಷ್ಟು ಕಾಟ್ಲಾ, ರೋಹು, ಮೃಗಾಲ್ ಎಂಬ ಗೆಂಡೆ ಮೀನುಗಳ ಮೇಲೆ ನಿಂತಿದೆ.

ಇಲ್ಲೇ ನಿಮ್ಮ ಇನ್ನೊಂದು ಮಾತಿಗೆ ಬರುತ್ತೇನೆ. "ಒಂದು ಮರಿಯನ್ನೂ ಬಿಡುವುದಿಲ್ಲ." ಮಿತ್ರರೇ, ನೀವು ಮೀನು ಸಾಕುವವರು, ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರಬೇಕು. ಈ ಮೂರೂ ಮೀನು ನಿಂತ ನೀರಿನಲ್ಲಿ ತಾವಾಗಿ ಮರಿ ಮಾಡುವುದಿಲ್ಲ. ಅವಕ್ಕೆ ಮಳೆಗಾಲದ ಹೊಸ ನೀರು ಬೇಕು, ಹರಿವು ಬೇಕು. ಒಂದು ಕಾಲಕ್ಕೆ ಗಂಗೆಯ ಕಡೆಯ ನದಿಗಳಲ್ಲಿ ಮರಿ ಹಿಡಿದು ರೈಲಿನಲ್ಲಿ ದೇಶದ ತುಂಬ ಕಳಿಸುತ್ತಿದ್ದರು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧರಿ ಎಂಬ ವಿಜ್ಞಾನಿ ಗೆಂಡೆ ಮೀನಿಗೆ ಬೇರೆ ಮೀನಿನ ಮೆದುಳಿನ ಬುಡದ ಗ್ರಂಥಿಯ ರಸ ಚುಚ್ಚಿ ಮೊಟ್ಟೆ ಇಡಿಸಿದರು. ಆ ದಿನವನ್ನೇ ಈಗ ದೇಶ ಮೀನು ಕೃಷಿಕರ ದಿನ ಅಂತ ಆಚರಿಸುತ್ತದೆ. ನಿಮ್ಮ ಹೊಂಡದ ಮೀನು, ಹಿನ್ನೀರಿನವರ ಬಲೆಗೆ ಬೀಳುವ ಮೀನು, ಎರಡೂ ಆ ಒಬ್ಬ ಮನುಷ್ಯನ ತಾಳ್ಮೆಯ ಫಲ. ಈ ಕಥೆಯನ್ನು ಮೊದಲ ಸಲ ಓದಿದಾಗ ನನಗೆ ಕಣ್ಣು ತುಂಬಿತ್ತು.

ಹಾಗಾಗಿ ದೊಡ್ಡ ನೀರಿಗೆ ಮರಿ ಬಿಡಬೇಕಾದದ್ದು ಸರ್ಕಾರ. ಅದು ಹೇಗೆ ಬಿಡುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ವಿಜಯಪುರ ಜಿಲ್ಲೆಯ ಒಂದು ಕೆರೆ. ಏತ ನೀರಾವರಿಯಿಂದ ಕೃಷ್ಣೆಯ ನೀರು ಬಂದು ಎಷ್ಟೋ ವರ್ಷದ ಮೇಲೆ ತುಂಬಿತ್ತು. ಊರಿಗೆ ಊರೇ ಜಾತ್ರೆಯಂತೆ ಸೇರಿತ್ತು. ಅಕ್ಟೋಬರ್ ಅರ್ಧ ಕಳೆದಿತ್ತು. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳು ಬೆಳಿಗ್ಗೆ ಒಂಬತ್ತಕ್ಕೆ ಏರಿಯ ಮೇಲೆ ಬಂದು ಕೂತವು. ಅತಿಥಿಗಳು ಬಂದದ್ದು ಹನ್ನೊಂದೂವರೆಗೆ. ಚೀಲವನ್ನು ಹದಿನೈದಿಪ್ಪತ್ತು ನಿಮಿಷ ಕೆರೆಯಲ್ಲಿ ತೇಲಿಬಿಡಬೇಕು, ಒಳಗಿನ ನೀರಿನ ಕಾವೂ ಕೆರೆಯ ಕಾವೂ ಸಮ ಆಗಬೇಕು, ಆಮೇಲೆ ಬಾಯಿ ಬಿಚ್ಚಬೇಕು. ಅಷ್ಟು ಹೊತ್ತು ಯಾರಿಗಿತ್ತು? ಬಿಚ್ಚಿದರು, ಸುರುವಿದರು, ಫೋಟೋ ತೆಗೆಸಿಕೊಂಡರು. ಎಲ್ಲರೂ ಹೋದಮೇಲೆ ಮೀನುಗಾರರ ಸಂಘದ ಒಬ್ಬ ಹಿರಿಯರು ಅಲ್ಲೇ ಕೂತಿದ್ದರು. ದಂಡೆಗೆ ಬೆಳ್ಳಗೆ ಹೊಟ್ಟೆ ಮೇಲೆ ಮಾಡಿ ಬಂದ ಮರಿಗಳನ್ನು ಬೊಗಸೆಯಲ್ಲಿ ಎತ್ತಿ ಎತ್ತಿ ಆಚೆ ಹಾಕುತ್ತಿದ್ದರು. ಒಂದು ಮಾತೂ ಆಡಲಿಲ್ಲ.

ಬದುಕಿದ ಮರಿಗಳ ಕಥೆ ಬೇರೆ. ಅವು ಒಂದು ಇಂಚಿನವು. ಅಷ್ಟು ಸಣ್ಣದು ದೊಡ್ಡ ನೀರಿಗೆ ಬಿದ್ದರೆ ಬಾಳೆ ಮೀನಿನ ಬಾಯಿಗೆ ಹೋಗುತ್ತದೆ. ದೊಡ್ಡ ನೀರಿಗೆ ಬೆರಳುದ್ದದ ಮರಿ, ಅಂದರೆ ಹತ್ತು ಸೆಂಟಿಮೀಟರ್‌ನದು ಬೇಕು. ಅದೂ ಮಳೆಗಾಲದಲ್ಲೇ ಬೀಳಬೇಕು. ಅಕ್ಟೋಬರ್‌ನಲ್ಲಿ ಬಿದ್ದ ಮರಿ ಎರಡು ತಿಂಗಳಲ್ಲಿ ಚಳಿಗೆ ಸಿಗುತ್ತದೆ. ಚಳಿಯಲ್ಲಿ ಗೆಂಡೆ ಮೇಯುವುದು ಕಡಿಮೆ, ಬೆಳೆಯುವುದೂ ಕಡಿಮೆ. ಏಪ್ರಿಲ್‌ಗೆ ಕೆರೆ ಇಳಿಯಲು ಶುರು. ಕಿಲೋ ತೂಗಬೇಕಾದ ಮೀನನ್ನು ಕಾಲು ಕಿಲೋ ಇದ್ದಾಗಲೇ ಹಿಡಿಯಬೇಕು. ಸಣ್ಣ ಮೀನಿಗೆ ರೇಟೂ ಸಣ್ಣದು. ಆಗ "ಇವರಿಗೆ ಮೀನು ಬೆಳೆಸಲು ಬರಲ್ಲ" ಅಂತ ನಾವು ಹೇಳುತ್ತೇವೆ. ಎಷ್ಟು ಲಕ್ಷ ಮರಿ ಬಿಟ್ಟೆವು ಅಂತ ವರದಿಯಲ್ಲಿ ಬರೆಯುತ್ತಾರೆ. ಯಾವ ತಿಂಗಳು, ಎಷ್ಟುದ್ದದ್ದು, ಎಷ್ಟು ಬದುಕಿದವು ಅಂತಲೂ ಬರೆಯಲಿ. ನಾನು ಬೇಡುವುದು ಇಷ್ಟೇ.

ಇನ್ನು ಹರಾಜು. ಕೆರೆ ಗುತ್ತಿಗೆ ಕೊಡುವಾಗ ಮೀನುಗಾರರ ಸಹಕಾರ ಸಂಘಕ್ಕೆ ಮೊದಲ ಆದ್ಯತೆ ಎಂಬ ನಿಯಮ ಸುಮ್ನೆ ಬಂದದ್ದಲ್ಲ. ಹೆಚ್ಚು ಹಣ ಕೂಗುವವನು ಆ ಹಣವನ್ನು ಗುತ್ತಿಗೆ ಮುಗಿಯುವ ಮೊದಲೇ ಎತ್ತಬೇಕು. ಸಣ್ಣ ಕಣ್ಣಿನ ಬಲೆ ಹಾಕಿ ಮರಿಗಳ ಸಮೇತ ಬಾಚುತ್ತಾನೆ. ಕೆಲವರು ತೋಟೆ ಹಾರಿಸುತ್ತಾರೆ. ಮೀನು ಹಿಡಿಯಲು ಸಿಡಿಮದ್ದು, ವಿಷ ಬಳಸಬಾರದು ಅಂತ 1897ರ ಕಾಯ್ದೆಯೇ ಹೇಳಿದೆ. ನೂರಿಪ್ಪತ್ತೈದು ವರ್ಷ ದಾಟಿದರೂ ಬೇಸಿಗೆಯ ರಾತ್ರಿಗಳಲ್ಲಿ ಹಿನ್ನೀರಿನ ಊರವರಿಗೆ ಆ ಸದ್ದು ಕೇಳುತ್ತದೆ. ಮುಂದಿನ ವರ್ಷವೂ ಅದೇ ನೀರಿನಲ್ಲಿ ಬದುಕಬೇಕಾದವನು ತೋಟೆ ಹಾರಿಸುವುದಿಲ್ಲ. ಹೆಸರಿಗೆ ಸಂಘ ಇದ್ದು, ಹಿಂದೆ ದುಡ್ಡಿನವನೊಬ್ಬ ಕೂತಿರುವ ಕಡೆಗಳೂ ಇವೆ, ನೋಡಿದ್ದೇನೆ. ಅದಕ್ಕೆ ಸಂಘದವರ ಕೈಗೆ ಬಂಡವಾಳ ಸಿಗುವಂತೆ ಮಾಡಬೇಕು. ನೀವು ಹೇಳುವಂತೆ ಹರಾಜು ಹಾಕಿದರೆ ಆ ದುಡ್ಡಿನವನು ಮುಂದಿನ ಬಾಗಿಲಿನಿಂದಲೇ ಬರುತ್ತಾನೆ.

ಪುಕ್ಕಟೆ ಬಲೆಯ ಮಾತು ಹೇಳಿದ್ದೀರಿ. ಕೋರ್ತಿ-ಕೊಲ್ಹಾರ ಸೇತುವೆಯ ಈಚೆ ಒಮ್ಮೆ ಬೆಳಿಗ್ಗೆ ಗಾಡಿ ನಿಲ್ಲಿಸಿದ್ದೆ. ಕೊಲ್ಹಾರದ ಮೊಸರಿಗೆ ಅಂತ ಹೋದವನು ಮೀನಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಒಬ್ಬ ತಾಯಿಯ ಜೊತೆ ಮಾತಿಗೆ ನಿಂತೆ. ಗಂಡ ಹಿಡಿದದ್ದನ್ನು ಆಕೆ ಮಾರುತ್ತಾರೆ. ಹತ್ತಿರದಲ್ಲಿ ಬರ್ಫ ಸಿಗುವುದಿಲ್ಲ. ಆಕೆ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: "ಹನ್ನೆರಡಾದ್ರ ಮೀನಿನ ಕಣ್ಣು ಬಾಡ್ತಾವ್ರಿ ಯಪ್ಪಾ. ಆಮ್ಯಾಲ ಅವ್ರು ಕೇಳಿದ್ದ ರೇಟ." ಬಲೆ ಪುಕ್ಕಟೆ ಸಿಕ್ಕಿರಬಹುದು. ಮಧ್ಯಾಹ್ನ ಹನ್ನೆರಡು ಗಂಟೆಯನ್ನು ಆಕೆಗೆ ಯಾರೂ ಮುಂದಕ್ಕೆ ಹಾಕಿಕೊಟ್ಟಿಲ್ಲ. ಅದೇ ಹೊತ್ತಿಗೆ ಬೆಳಗಾವಿಗೆ ಗೋವಾದ ಕಡೆಯಿಂದ ಘಟ್ಟ ಹತ್ತಿ ಬರ್ಫದಲ್ಲಿ ಕೂತ ಸಮುದ್ರದ ಮೀನು ಬರುತ್ತದೆ. ನಮ್ಮ ಹೊಳೆಯ ಮೀನು ನಮ್ಮ ಪಕ್ಕದ ಪೇಟೆಗೆ ತಾಜಾ ಮುಟ್ಟುವುದಿಲ್ಲ. ಒಂದು ತಾಲೂಕಿಗೆ ಒಂದು ಸಣ್ಣ ಬರ್ಫದ ಘಟಕ ಹಾಕಲು ಎಷ್ಟು ಖರ್ಚಾದೀತು ಹೇಳಿ.

2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ದಿನಗಟ್ಟಲೆ ರಸ್ತೆಯಲ್ಲಿ ಕೂತರು. ಸರ್ಕಾರ ಟನ್ನಿಗೆ 3,300 ರೂಪಾಯಿ ಅಂತ ಒಪ್ಪಿತು. ನಮ್ಮ ಪತ್ರಿಕೆ ಅವರ ಪರ ನಿಂತಿತು, ಮತ್ತೆ ಕೂತರೆ ಮತ್ತೆ ನಿಲ್ಲುತ್ತದೆ. ಆದರೆ ಕಬ್ಬಿನವರು ರಸ್ತೆ ತಡೆದರೆ ಜಿಲ್ಲೆ ನಿಲ್ಲುತ್ತದೆ, ಬೆಂಗಳೂರಿಗೆ ಕೇಳಿಸುತ್ತದೆ. ಮೀನುಗಾರ ಹರಿಗೋಲು ನಿಲ್ಲಿಸಿದರೆ ಯಾರ ಗಾಡಿಯೂ ನಿಲ್ಲುವುದಿಲ್ಲ. ಅವನ ಮನೆಯ ಒಲೆ ಮಾತ್ರ ನಿಲ್ಲುತ್ತದೆ. ಅಪಘಾತದಲ್ಲಿ ಮೀನುಗಾರ ಸತ್ತರೆ ಮನೆಯವರಿಗೆ 5 ಲಕ್ಷದ ವಿಮೆ ಇದೆ. ನಾನು ಕೇಳಿದ ಹಿನ್ನೀರಿನ ಎರಡು ಊರಲ್ಲಿ ಅದರ ಹೆಸರು ಗೊತ್ತಿದ್ದವರು ಒಬ್ಬರೇ, ಅವರೂ ಸಂಘದ ಕಾರ್ಯದರ್ಶಿ.

ನೀವು ಬೇಜಾರು ಮಾಡಿಕೊಳ್ಳಬೇಡಿ. ನೀವು ಮತ್ತು ಅವರು ಎದುರು ಬದುರು ನಿಲ್ಲಬೇಕಾದವರಲ್ಲ ಅಂತ ನನ್ನ ನಂಬಿಕೆ. ನಿಮ್ಮ ಹತ್ತಿರ ಹೊಂಡವಿದೆ, ಅವರ ಹತ್ತಿರ ದೊಡ್ಡ ನೀರಿದೆ. ಜೂನ್ ಕೊನೆಗೆ ಸಣ್ಣ ಮರಿ ತಂದು ನಿಮ್ಮ ಹೊಂಡದ ಒಂದು ಭಾಗದಲ್ಲಿ ಎರಡು ಮೂರು ತಿಂಗಳು ಸಾಕಿದರೆ ಬೆರಳುದ್ದ ಆಗುತ್ತವೆ. ಹಿನ್ನೀರು ತುಂಬಿದ ಹೊತ್ತಿಗೆ, ಚಳಿಗೆ ಇನ್ನೂ ದಿನ ಇರುವಾಗಲೇ, ಅವನ್ನು ಸಂಘಕ್ಕೆ ಮಾರಬಹುದು. ದೂರದಿಂದ ಚೀಲದಲ್ಲಿ ಬರುವ ಮರಿಗಿಂತ ಒಂದು ಗಂಟೆಯ ದಾರಿಯಲ್ಲಿ ಬರುವ ನಿಮ್ಮ ಮರಿ ಜಾಸ್ತಿ ಬದುಕುತ್ತದೆ. ವರ್ಷಪೂರ್ತಿ ಕಾಯದೆ ನಿಮ್ಮ ಕೈಗೂ ದುಡ್ಡು ಬರುತ್ತದೆ. ಇಲಾಖೆ ಆ ಮರಿಗೆ ಬೆಲೆ ಕಟ್ಟಿ ಸಂಘಕ್ಕೆ ನೆರವು ಕೊಡಲಿ ಅಂತ ನಾವಿಬ್ಬರೂ ಸೇರಿ ಅರ್ಜಿ ಬರೆಯೋಣ.

ಬೀಳಗಿಯ ಆ ಮೀನುಗಾರರಿಗೆ ನಿಮ್ಮ ಪತ್ರ ಓದಿ ಹೇಳಿದೆ. ಸಿಟ್ಟಾಗಲಿಲ್ಲ. "ಅವ್ರ ಹೊಂಡದ ನೀರು ಎಷ್ಟ ಆಳ ಐತಿ ಕೇಳ್ರಿ" ಅಂದರು. ಮೇ ತಿಂಗಳ ಎರಡನೇ ಭಾನುವಾರ ಅವರನ್ನು ಕರೆದುಕೊಂಡು ನಿಮ್ಮ ಹೊಲಕ್ಕೆ ಬರುತ್ತೇನೆ. ರೊಟ್ಟಿ ನಾವು ತರುತ್ತೇವೆ, ಮೀನಿನ ಸಾರು ನಿಮ್ಮದು.

ನಿಮ್ಮ,
ಸಂಪಾದಕ