ಈ ಯುಗಾದಿಗೆ ಮೊದಲ ಪಂಕ್ತಿಯಲ್ಲಿ ನೀವೇ ಕೂತುಬಿಡಿ

ಪ್ರಶ್ನೆ: ನನಗೆ 34 ವರ್ಷ. ಬೆಂಗಳೂರಿನಲ್ಲಿ ಎರಡು ಬೆಡ್‌ರೂಮಿನ ಫ್ಲಾಟ್. ನಾನೂ ಗಂಡನೂ ಕೆಲಸಕ್ಕೆ ಹೋಗುತ್ತೇವೆ, ಅತ್ತೆ ಜೊತೆಗಿದ್ದಾರೆ. ಮದುವೆಯಾಗಿ ಆರು ವರ್ಷ, ಆರೂ ಯುಗಾದಿ ನಮ್ಮನೇಲೇ ಆಗಿದೆ. 22 ಜನ ಬರುತ್ತಾರೆ. ಹೋದ ವರ್ಷ ಬೆಳಿಗ್ಗೆ ನಾಲ್ಕಕ್ಕೆ ಎದ್ದವಳು ಊಟಕ್ಕೆ ಕೂತಾಗ ಮಧ್ಯಾಹ್ನ ಮೂರೂಮುಕ್ಕಾಲು. ಆಗ ಓರಗಿತ್ತಿ ‘ಒಬ್ಬಟ್ಟು ಹೋದ ಸಲದಷ್ಟು ಮೆತ್ತಗಿಲ್ಲ’ ಅಂದರು. ಬಾತ್‌ರೂಮಿಗೆ ಹೋಗಿ ಅತ್ತು ಬಂದೆ. ಗಂಡ ಹೋಟೆಲಿಗೆ ಹೋಗೋಣ ಅನ್ನುತ್ತಾರೆ. ಅತ್ತೆ ‘ಹಬ್ಬಕ್ಕೆ ಅಂಗಡಿ ಒಬ್ಬಟ್ಟಾ?’ ಅಂತ ಮುಖ ಗಂಟು ಹಾಕುತ್ತಾರೆ. ಈ ಸಲ ಅಮ್ಮನಿಗೆ ಹುಷಾರಿಲ್ಲ ಅಂತ ಸುಳ್ಳು ಹೇಳಿ ತವರಿಗೆ ಹೋಗಿಬಿಡಲಾ?

ಉತ್ತರ: ಬೇಡ ಕಣಮ್ಮ. ವರ್ಷದ ಮೊದಲ ದಿನವೇ ಹೆತ್ತಮ್ಮನಿಗೆ ಇಲ್ಲದ ಕಾಯಿಲೆ ಹಚ್ಚಬೇಡಿ. ಆಮೇಲೆ ಮೂರು ದಿನ 22 ಜನರೂ ಫೋನ್ ಮಾಡಿ ಬಿಪಿ ಎಷ್ಟಿದೆ ಅಂತ ವಿಚಾರಿಸುತ್ತಾರೆ, ಯಾರಿಗೆ ಏನು ಹೇಳಿದೆ ಅಂತ ನೆನಪಿಟ್ಟುಕೊಳ್ಳೋದೇ ಒಂದು ಕೆಲಸ. ತವರಿಗೆ ಹೋಗಲೇಬೇಕು ಅನ್ನಿಸಿದರೆ ಹೇಳಿಯೇ ಹೋಗಿ.

ಆದರೆ ನಿಮ್ಮ ಪತ್ರ ಎರಡು ಸಲ ಓದಿದೆ. ಜನ ಬರ್ತಾರೆ ಅನ್ನೋ ಬೇಸರ ಅದರಲ್ಲಿ ಎಲ್ಲೂ ಕಾಣಲಿಲ್ಲ. ಹೊಟ್ಟೆ ಉರಿಸಿದ್ದು ಆ ಮೂರೂಮುಕ್ಕಾಲು. ಎಲ್ಲರೂ ಎಲೆ ಎತ್ತಿ, ಎಲೆ ಅಡಿಕೆ ಹಾಕಿಕೊಂಡು ಕೂತಿರುವಾಗ, ಆರಿದ ಅನ್ನದ ಮುಂದೆ ಒಬ್ಬರೇ ಕೂರೋದಿದೆಯಲ್ಲ, ಅದು.

ನಮ್ಮ ಊರಿನ ಮನೆಯಲ್ಲಿ ದೊಡ್ಡಮ್ಮ ಒಬ್ಬಟ್ಟು ತಟ್ಟುತ್ತಿದ್ದರು. ಹೂರಣ ಆಚೆ ಬಂದು ಹೆಂಚಿಗೆ ಹತ್ತಿ ಕಪ್ಪಾದವನ್ನು ಪಕ್ಕದ ತಟ್ಟೆಗೆ ಎತ್ತಿಡೋರು. ಅದು ಯಾರಿಗೆ ಅಂತ ಯಾರೂ ಕೇಳಲಿಲ್ಲ. ಕೊನೆಗೆ ಅಡುಗೆಮನೆ ಬಾಗಿಲ ಹಿಂದೆ ನಿಂತುಕೊಂಡೇ ಅವರು ಅದನ್ನು ತಿನ್ನುತ್ತಿದ್ದರು. ದೊಡ್ಡಮ್ಮನಿಗೆ ಕರಕಲು ಒಬ್ಬಟ್ಟೇ ಇಷ್ಟ ಅಂತ ನಾನು ಕಾಲೇಜಿಗೆ ಹೋಗೋ ತನಕ ನಂಬಿದ್ದೆ!

ಈಗ ಲೆಕ್ಕ ಹಾಕೋಣ. 22 ಜನಕ್ಕೆ ತಲಾ ಎರಡು, ಡಬ್ಬಿಗೆ ಹಾಕಿ ಕಳಿಸೋದಕ್ಕೆ ಇನ್ನೊಂದಿಷ್ಟು, ಒಟ್ಟು 60 ಒಬ್ಬಟ್ಟು ಅಂದುಕೊಳ್ಳಿ. ಒಂದು ತಟ್ಟಿ ಬೇಯಿಸೋಕೆ ಎರಡು ನಿಮಿಷ. ಎರಡು ಗಂಟೆ ಒಲೆ ಮುಂದೆಯೇ ಆಯಿತು, ಅದೂ ಯುಗಾದಿ ಸೆಕೆಯಲ್ಲಿ. ಅಷ್ಟು ಹೊತ್ತಲ್ಲಿ ಕೊನೆಯ ಇಪ್ಪತ್ತು ಮೆತ್ತಗೆ ಬಂದರೆ ಅದೇ ಪುಣ್ಯ, ನಿಮ್ಮ ಓರಗಿತ್ತಿಗೆ ಅದು ಗೊತ್ತಿಲ್ಲದೆ ಇರುತ್ತಾ? ಆದ್ದರಿಂದ ದೇವರ ಎಡೆಗೆ ಮತ್ತು ಅತ್ತೆಯ ಸಮಾಧಾನಕ್ಕೆ ಅಂತ ಹತ್ತು ಹನ್ನೆರಡು ಮನೆಯಲ್ಲಿ ಮಾಡಿ, ಉಳಿದದ್ದು ಹೋಳಿಗೆ ಅಂಗಡಿಯಿಂದ ಬರಲಿ. ಬೆಂಗಳೂರಲ್ಲಿ ಅದಕ್ಕೇನೂ ಬರ ಇಲ್ಲ. ಆದರೆ ಹಬ್ಬದ ಹಿಂದಿನ ಸಂಜೆ ಹೋದರೆ ರಸ್ತೆ ತನಕ ಕ್ಯೂ ಇರುತ್ತೆ, ಮೊದಲೇ ಹೇಳಿಡಿ.

ಅಂಗಡಿಯದು ಸುತಾರಾಂ ಬೇಡ ಅಂದರೆ, ಹೂರಣ ಹಿಂದಿನ ರಾತ್ರಿಯೇ ರುಬ್ಬಿ ಫ್ರಿಜ್ಜಿನಲ್ಲಿಡಿ. ಬೇಳೆಯ ನೀರು ಚೆನ್ನಾಗಿ ಬಸಿದಿರಬೇಕು, ನೀರು ಉಳಿದರೆ ತಟ್ಟುವಾಗ ಹರಿಯೋದು ಗ್ಯಾರಂಟಿ. ಬಸಿದ ಕಟ್ಟು, ಜೊತೆಗೆ ಒಂದು ಹಿಡಿ ಹೂರಣ, ಅಷ್ಟಿದ್ದರೆ ಒಬ್ಬಟ್ಟಿನ ಸಾರೂ ಅವತ್ತೇ ಆಗಿಬಿಡುತ್ತೆ. ಹೇಗೂ ಅದು ಮಾರನೇ ದಿನಕ್ಕೇ ರುಚಿ. ಮಾವಿನಕಾಯಿ ಚಿತ್ರಾನ್ನದ ಗೊಜ್ಜೂ ಮಾಡಿಟ್ಟರೆ ಬೆಳಿಗ್ಗೆ ಅನ್ನ ಕಲಸೋದಷ್ಟೇ. ಕೋಸಂಬರಿಗೆ ಉಪ್ಪು ಮಾತ್ರ ಬಡಿಸೋ ಮುಂಚೆ ಹಾಕಿ. ಆಂಬೊಡೆ, ಬಜ್ಜಿ, ಎರಡನೇ ಪಲ್ಯ, ಪಾಯಸ ಎಲ್ಲಾ ಬಿಟ್ಟುಬಿಡಿ. ಒಬ್ಬಟ್ಟಿನ ಮೇಲೆ ತುಪ್ಪ ಬಿದ್ದ ಮೇಲೆ ಪಾಯಸ ಎಲ್ಲಿ ಅಂತ ಕೇಳಿದವರನ್ನು ನಾನಂತೂ ನೋಡಿಲ್ಲ.

ಊಟ ಒಂದು ಗಂಟೆಗೆ. ನಿಮ್ಮ ಹಾಲಲ್ಲಿ ಒಂದು ಪಂಕ್ತಿಗೆ ಹನ್ನೊಂದು ಜನ ಹಿಡಿಯಬಹುದು. ಮೊದಲ ಪಂಕ್ತಿಯಲ್ಲಿ ಮಕ್ಕಳು, ಹಿರಿಯರು, ಅತ್ತೆ, ಅತ್ತೆ ಪಕ್ಕದಲ್ಲಿ ನೀವು. ಬಡಿಸೋದು ಗಂಡ ಮತ್ತು ಅವರ ಅಣ್ಣತಮ್ಮಂದಿರು. ಅವರಿಗೆ ಬರಲ್ಲ ಅನ್ನಬೇಡಿ. ಛತ್ರದಲ್ಲಿ ಪಂಚೆ ಎತ್ತಿ ಕಟ್ಟಿ, ಬಕೆಟ್ ಹಿಡಿದು ಸಾರು ಸಾರು ಅಂತ ಓಡಾಡುವವರು ಗಂಡಸರೇ ಅಲ್ವಾ? ಮನೆಗೆ ಬಂದ ಕೂಡಲೇ ಉಪ್ಪು ಎಲೆಯ ಯಾವ ಕಡೆಗೆ ಅನ್ನೋದು ಮರೆತು ಹೋಗುತ್ತಾ? ಮಾರನೇ ದಿನ ಹೊಸತೊಡಕಿಗೆ ಕತ್ತಲಲ್ಲೇ ಎದ್ದು ಮಟನ್ ಅಂಗಡಿ ಮುಂದೆ ಕ್ಯೂ ನಿಲ್ಲೋ ಜನ ಹಿಂದಿನ ದಿನ ನಾಲ್ಕು ಸೌತೆಕಾಯಿ ಹೆಚ್ಚಬಹುದು. (ನಿಮ್ಮನೇಲಿ ಹೊಸತೊಡಕು ಇಲ್ಲದಿದ್ದರೆ ಈ ಸಾಲು ಪಕ್ಕದ ಮನೆಯವರಿಗೆ.) ಆದರೆ ‘ಸ್ವಲ್ಪ ಹೆಲ್ಪ್ ಮಾಡ್ರಿ’ ಅಂತ ಗಾಳಿಗೆ ಹೇಳಿದರೆ ಯಾರೂ ಏಳಲ್ಲ. ವಾರ ಮೊದಲೇ ಫೋನ್ ಮಾಡಿ, ಬಾಳೆ ಎಲೆ ನಿಮ್ಮದು, ಮಜ್ಜಿಗೆ ನಿಮ್ಮದು ಅಂತ ಹೆಸರು ಹಿಡಿದು ಹೇಳಿ. ಬೇವಿನ ಹೂ ಬಿಡಿಸಿ ಬೆಲ್ಲ ಕಲಸೋದು ಮಕ್ಕಳ ಪಾಲಿಗಿರಲಿ. ಬೆಲ್ಲ ಅರ್ಧ ಅವರ ಹೊಟ್ಟೆಗೇ ಹೋಗುತ್ತೆ, ಹೋಗಲಿ.

ಅತ್ತೆ ಹತ್ತಿರ ಹಬ್ಬದ ದಿನ ಈ ಮಾತು ತೆಗೆಯಬೇಡಿ. ಸುಮ್ನೆ ಒಂದು ಸಂಜೆ ಕಾಫಿ ಕುಡಿಯುವಾಗ, ‘ಅತ್ತೆ, ನೀವು ಸೊಸೆಯಾಗಿ ಬಂದಾಗ ಹಬ್ಬದ ದಿನ ಎಷ್ಟು ಹೊತ್ತಿಗೆ ಊಟಕ್ಕೆ ಕೂರ್ತಿದ್ರಿ?’ ಅಂತ ಕೇಳಿ, ಕೇಳಿ ಸುಮ್ಮನಿರಿ. ಬಹುಶಃ ನಿಮ್ಮದಕ್ಕಿಂತ ದೊಡ್ಡ ಕಥೆಯೇ ಬರುತ್ತೆ. ಆಮೇಲೆ ಈ ಸಲ ಇಬ್ಬರೂ ಮೊದಲೇ ಕೂರೋಣ ಅನ್ನಿ. ಸಾರಿನ ಜವಾಬ್ದಾರಿ ಅವರಿಗೇ ಬಿಡಿ, ಹುಳಿ ಖಾರ ಅವರು ಹೇಳಿದಷ್ಟೇ. ಅವರು ಒಪ್ಪದೆ ಒಂದೆರಡು ದಿನ ಮುಖ ದಪ್ಪ ಮಾಡಿಕೊಂಡರೆ ಮಾಡಿಕೊಳ್ಳಲಿ ಬಿಡಿ, ನೀವೇನೂ ಕದ್ದಿಲ್ಲವಲ್ಲ.

ಇನ್ನು ಓರಗಿತ್ತಿ. ಒಬ್ಬಟ್ಟು ಮೆತ್ತಗಿಲ್ಲ ಅಂದರೆ, ‘ಹೌದಕ್ಕಾ, ಮುಂದಿನ ಸಲ ಕಣಕ ನೀವೇ ಕಲಸಿ, ಎಣ್ಣೆಯಲ್ಲಿ ಎಷ್ಟು ಹೊತ್ತು ನೆನೆಸಬೇಕು ಅಂತ ನಾನೂ ಕಲೀತೀನಿ’ ಅಂತ ನಗ್ತಾ ಹೇಳಿ. ನಿಜವಾಗಿ ಬಂದು ಕಲಸಿಕೊಟ್ಟರೆ ನಿಮಗೇ ಲಾಭ.

ಹೊರಡುವಾಗ ಎಲ್ಲರಿಗೂ ಡಬ್ಬಿಗೆ ಒಬ್ಬಟ್ಟು ಹಾಕಿ ಕೊಡಿ, ಧಾರಾಳವಾಗಿ ಕೊಡಿ. ಸಾರು ಮಾತ್ರ ಕೊಡಬೇಡಿ. ಒಂದು ಪಾತ್ರೆ ಮೊದಲೇ ತೆಗೆದು ಒಳಗೆ ಮುಚ್ಚಿಟ್ಟಿರಿ, ಅದು ಮಾರನೇ ದಿನಕ್ಕೆ, ನಿಮಗೂ ಅತ್ತೆಗೂ.