ದೂರು ಕೊಡಲು ಯಾವ ಠಾಣೆಗೆ ಹೋಗಬೇಕು?

ಮಾನ್ಯರೇ,

ಉಗಾಂಡದಲ್ಲಿ ಸಲಿಂಗಕಾಮಿಗಳ ಮೇಲೆ ನಡೆಯುತ್ತಿರುವ ಹಿಂಸೆಯ ಕುರಿತು ನಾವು ಪ್ರಕಟಿಸಿದ ಲೇಖನಕ್ಕೆ ನೀವು ಬರೆದ ಪತ್ರ ತಲುಪಿದೆ. ಹೊಡೆಯುವುದು ಪುಂಡರ ಗುಂಪು, ಸಲಿಂಗ ಸಂಬಂಧವನ್ನು ಅಪರಾಧವೆನ್ನುವ ಕಾನೂನಿನ ತಲೆಗೆ ಅದನ್ನು ಕಟ್ಟುವುದೇಕೆ ಎಂದು ಕೇಳಿದ್ದೀರಿ. ಇಂಥ ಕಾನೂನುಗಳಡಿ ಶಿಕ್ಷೆಯಾದವರು ಬೆರಳೆಣಿಕೆಯಷ್ಟು, ಪುಸ್ತಕದಲ್ಲಿ ಮಲಗಿರುವ ಸೆಕ್ಷನ್ನಿಗೆ ಇಷ್ಟು ರಾದ್ಧಾಂತ ಬೇಕೆ ಎಂದೂ ಕೇಳಿದ್ದೀರಿ.

ಆ ಸೆಕ್ಷನ್ ಮಲಗಿಲ್ಲ. ಪೆಟ್ಟು ತಿಂದವನು ಠಾಣೆಗೆ ಹೋದರೆ ಮೊದಲು ಎದುರಾಗುವ ಪ್ರಶ್ನೆ, ಯಾಕೆ ಹೊಡೆದರು? ನಿಜ ಹೇಳಿದರೆ ದೂರು ತಂದವನೇ ಆರೋಪಿ. ಮುಚ್ಚಿಟ್ಟರೆ ದೂರಿಗೆ ಬುಡವಿಲ್ಲ. ಇದು ಹೊಡೆದವನಿಗೆ ಗೊತ್ತು, ದುಡ್ಡಿಗಾಗಿ ಬೆದರಿಸುವವನಿಗೆ ಗೊತ್ತು, ರಾತ್ರೋರಾತ್ರಿ ಮನೆ ಖಾಲಿ ಮಾಡಿಸುವ ಮಾಲೀಕನಿಗೂ ಗೊತ್ತು. ಒಬ್ಬರಿಗೂ ಶಿಕ್ಷೆಯಾಗದಿದ್ದರೂ ಕಾನೂನು ತನ್ನ ಕೆಲಸ ಮಾಡಿರುತ್ತದೆ.

ಉಗಾಂಡದ್ದೇ ನೋಡಿ. 2010ರಲ್ಲಿ ಅಲ್ಲಿನ ಪತ್ರಿಕೆಯೊಂದು ಸಲಿಂಗಕಾಮಿಗಳೆಂದು ಹಲವರ ಹೆಸರು, ಫೋಟೋ ಅಚ್ಚುಹಾಕಿ, ಇವರನ್ನು ನೇಣಿಗೇರಿಸಿ ಎಂದಿತು. (ಅದೂ ಪತ್ರಿಕೆಯೇ, ನಮ್ಮ ಕಸುಬಿನದೇ.) ಹೆಸರಿಸಲ್ಪಟ್ಟವರಲ್ಲೊಬ್ಬರಾದ ಹೋರಾಟಗಾರ ಡೇವಿಡ್ ಕಾಟೊ ಕೋರ್ಟಿಗೆ ಹೋಗಿ 2011ರ ಜನವರಿಯ ಆರಂಭದಲ್ಲಿ ಗೆದ್ದರು. ಅದೇ ತಿಂಗಳ 26ರಂದು ಅವರನ್ನು ಮನೆಯಲ್ಲೇ ಸುತ್ತಿಗೆಯಿಂದ ಹೊಡೆದು ಕೊಂದರು. ಅವರ ಹೋರಾಟಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು ಪೊಲೀಸರು. ಕೊಂದವನಿಗೆ ಜೈಲಾಯಿತು, ಒಪ್ಪೋಣ. ಆದರೆ ಆ ದೇಶ ಇದರಿಂದ ಕಲಿತದ್ದೇನು? 2023ರ ಹೊಸ ಕಾಯ್ದೆ: ಸಲಿಂಗ ಸಂಬಂಧಕ್ಕೆ ಜೀವಾವಧಿ, ಕೆಲವು ಸಂದರ್ಭಗಳಲ್ಲಿ ಮರಣದಂಡನೆ. ಗೊತ್ತಿದ್ದವರು ಪೊಲೀಸರಿಗೆ ತಿಳಿಸಲೇಬೇಕೆಂಬ ನಿಯಮವನ್ನು 2024ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ತೆಗೆದುಹಾಕಿತು, ಬಹುಪಾಲು ಕಾಯ್ದೆಯನ್ನು ಉಳಿಸಿತು. ಇದೆಲ್ಲ ಅವರ ಸಂಸ್ಕೃತಿ ಎನ್ನುತ್ತೀರಿ. ಅಲ್ಲಿನ ಹಳೆಯ ನಿಷೇಧ ಬ್ರಿಟಿಷರು ಬಿಟ್ಟುಹೋದದ್ದು. ಇಂಗ್ಲೆಂಡ್ ತನ್ನದನ್ನು 1967ರಲ್ಲೇ ಸಡಿಲಿಸಿಕೊಂಡಿತು.

ನಿಮ್ಮ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಕಾನೂನು ಹೋದ ಮಾತ್ರಕ್ಕೆ ಹಿಂಸೆ ನಿಲ್ಲುವುದಿಲ್ಲ. ರಷ್ಯಾ 1993ರಲ್ಲೇ ಸಲಿಂಗ ಸಂಬಂಧವನ್ನು ಅಪರಾಧಗಳ ಪಟ್ಟಿಯಿಂದ ಕೈಬಿಟ್ಟಿತ್ತು. ಆದರೂ 2017ರಲ್ಲಿ ರಷ್ಯಾಕ್ಕೇ ಸೇರಿದ ಚೆಚೆನ್ಯಾ ಪ್ರಾಂತ್ಯದಲ್ಲಿ ನೂರಕ್ಕೂ ಹೆಚ್ಚು ಗಂಡಸರನ್ನು ಹಿಡಿದು ಹಿಂಸಿಸಿದ್ದನ್ನು 'ನೊವಾಯಾ ಗಜೆಟಾ' ಪತ್ರಿಕೆ ಬಯಲಿಗೆಳೆಯಿತು. ನಮ್ಮಲ್ಲಿ ಅಂಥವರೇ ಇಲ್ಲ, ಇದ್ದಿದ್ದರೆ ಅವರ ಮನೆಯವರೇ ಅವರನ್ನು ಮರಳಿ ಬರಲಾಗದ ಜಾಗಕ್ಕೆ ಕಳಿಸಿಬಿಡುತ್ತಿದ್ದರು ಎಂಬರ್ಥದ ಉತ್ತರ ಬಂದದ್ದು ಅಲ್ಲಿನ ಮುಖ್ಯಸ್ಥರ ವಕ್ತಾರರಿಂದ. ಇಲ್ಲಿ ಸೆಕ್ಷನ್ನೂ ಬೇಕಾಗಲಿಲ್ಲ. ಮನೆಯವರು ಕೊಂದರೆ ಸರ್ಕಾರ ಕೇಳುವುದಿಲ್ಲ ಎಂಬ ಸೂಚನೆಯೇ ಸಾಕಾಯಿತು.

ಇನ್ನು ನಾಗರಿಕ ದೇಶಗಳೆಂದು ನೀವು ಬೆನ್ನು ತಟ್ಟಿದವುಗಳ ವಿಷಯ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ 1984ರಲ್ಲೇ ನಿಷೇಧ ತೆಗೆಯಿತು. ಆದರೆ ಕೊಲೆಗಾರನ ಕೈಗೆ ಬೇರೊಂದು ಗುರಾಣಿ ಉಳಿದಿತ್ತು, 'ಪ್ರಚೋದನೆ'. ಅವನು ನನ್ನನ್ನು ಬಯಸಿ ಮುಟ್ಟಿದ, ನನಗೆ ತಲೆ ಕೆಟ್ಟಿತು, ಕೊಂದೆ. ತೀರ್ಪುಗಾರರು ಒಪ್ಪಿದರೆ ಕೊಲೆಯ ಆರೋಪ ಕೆಳಗಿಳಿದು ಕಡಿಮೆ ಶಿಕ್ಷೆಯ ನರಹತ್ಯೆಯಾಗುತ್ತಿತ್ತು. 1997ರಲ್ಲಿ ಗ್ರೀನ್ ಎಂಬ ಆರೋಪಿಯ ಪ್ರಕರಣದಲ್ಲಿ ದೇಶದ ಅತ್ಯುನ್ನತ ನ್ಯಾಯಾಲಯವೇ ಇಂಥ ವಾದಕ್ಕೆ ಜಾಗ ಕೊಟ್ಟು ಮರುವಿಚಾರಣೆಗೆ ಆದೇಶಿಸಿತು. ಭಿನ್ನಮತದ ನ್ಯಾಯಮೂರ್ತಿ ಮೈಕೆಲ್ ಕಿರ್ಬಿ ಎತ್ತಿದ ಪ್ರಶ್ನೆ ನನಗೆ ಇಂದಿಗೂ ಉತ್ತರವಿಲ್ಲದ್ದಾಗಿ ಕಾಣುತ್ತದೆ: ಬಲವಂತವಿಲ್ಲದೆ ಬಯಸಿ ಹತ್ತಿರ ಬಂದ ಗಂಡಸನ್ನೆಲ್ಲ ಹೆಂಗಸರು ಹೀಗೇ ಕೊಲ್ಲತೊಡಗಿದರೆ ಈ ಕಾನೂನಿನ ಗತಿಯೇನು? ಸತ್ತವನು ಸಾಕ್ಷಿ ಹೇಳಲಾರ. ಮುಟ್ಟಿದನೋ ಇಲ್ಲವೋ ಎಂಬುದಕ್ಕೆ ಎಷ್ಟೋ ಸಲ ಕೊಂದವನ ಮಾತೇ ಆಧಾರ. ಆ ರಾಜ್ಯ ಈ ವಾದವನ್ನು ಮುಚ್ಚಿದ್ದು 2014ರಲ್ಲಿ, ಎಲ್ಲರಿಗಿಂತ ಕೊನೆಗೆ ಸೌತ್ ಆಸ್ಟ್ರೇಲಿಯಾ, 2020ರಲ್ಲಿ. ಈ ವಾದ ಹೂಡಿದವರು ಪುಂಡರ ಗುಂಪಲ್ಲ ಸ್ವಾಮಿ. ನಿಲುವಂಗಿ ತೊಟ್ಟ ವಕೀಲರು, ಅದನ್ನು ತಲೆದೂಗಿ ಕೇಳಿದ ಸಭ್ಯರು.

ಕೊನೆಗೆ, ಲೇಖಕರ ಹೆಸರೇಕೆ ಹಾಕಿಲ್ಲ, ಧೈರ್ಯವಿದ್ದರೆ ಹಾಕಿ ಎಂದಿದ್ದೀರಿ. ಅವರು ಉಗಾಂಡದಲ್ಲೇ ಇದ್ದಾರೆ. 2023ರ ಕಾಯ್ದೆಯಲ್ಲಿ ಸಲಿಂಗಕಾಮದ 'ಪ್ರಚಾರ'ಕ್ಕೆ 20 ವರ್ಷಗಳವರೆಗೆ ಜೈಲಿದೆ. ನೀವು ಓದಿದ ಆ ಲೇಖನವನ್ನೂ ಅಲ್ಲಿ ಪ್ರಚಾರವೆನ್ನಬಹುದು. ಹೆಸರು ಹಾಕುವುದಿಲ್ಲ.

– ಸಂಪಾದಕ