ಮಗಳ ಭೇಟಿಗೆ ಆದೇಶವಿದ್ದರೂ ಕಳುಹಿಸುತ್ತಿಲ್ಲ: ನ್ಯಾಯಾಂಗ ನಿಂದನೆ ಹಾಕಬಹುದೇ?

ವಿರಾಜಪೇಟೆಯಿಂದ ನೀವು ಕೇಳಿರುವುದು ಇಷ್ಟು. ಎರಡನೇ ಮತ್ತು ನಾಲ್ಕನೇ ಶನಿವಾರ ಮಗಳನ್ನು ನೋಡಲು ನ್ಯಾಯಾಲಯದ ಆದೇಶವಿದೆ, ಮೂರು ತಿಂಗಳಿಂದ ಹೆಂಡತಿ ಕಳುಹಿಸುತ್ತಿಲ್ಲ. ನ್ಯಾಯಾಂಗ ನಿಂದನೆ ಹಾಕಬಹುದೇ, ಅಲ್ಲಿಯವರೆಗೆ ಜೀವನಾಂಶ ನಿಲ್ಲಿಸಲೇ?

ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ: ನಿಲ್ಲಿಸಬೇಡಿ. ನಾನು ವಕೀಲನಲ್ಲ. ಸೋಮವಾರಪೇಟೆ ಕಡೆ ನಾಲ್ಕು ಎಕರೆ ಕಾಫಿ ಇಟ್ಟುಕೊಂಡಿರುವವನು, ಮಗನಿಗಾಗಿ ಆರು ವರ್ಷ ಮಡಿಕೇರಿಗೆ ವಾಯಿದೆಗೆ ಓಡಾಡಿದವನು. ಮಗನ ಮುಖ ತೋರಿಸದವರಿಗೆ ಹಣವೇಕೆ ಎಂಬ ಹಟದಲ್ಲಿ ಮೂರು ತಿಂಗಳು ಕೊಡಲಿಲ್ಲ. ಕೇಳಿದವರಿಗೆಲ್ಲ ‘ಕಾಫಿ ಹಣ ಬಂದಿಲ್ಲ’ ಎಂದೆ. ಚೀಲಗಳು ವ್ಯಾಪಾರಿಯ ಗೋದಾಮು ಸೇರಿ ಒಂದು ತಿಂಗಳಾಗಿತ್ತು ಎಂಬುದು ಊರಿಗೆಲ್ಲ ಗೊತ್ತಿತ್ತು. ಮಗನ ತಾಯಿಯ ವಕೀಲರು ಬಾಕಿ ವಸೂಲಿಗೆ ಅರ್ಜಿ ಹಾಕಿದರು, ವಾರಂಟ್ ನನ್ನ ಹೆಸರಿಗೇ ಬಂತು. ಬಾಕಿಯ ಪ್ರತಿ ತಿಂಗಳಿಗೆ ಒಂದು ತಿಂಗಳವರೆಗೆ ಸೆರೆಮನೆ ಆಗಬಹುದು, ಸೆರೆಮನೆಗೆ ಹೋಗಿ ಬಂದರೂ ಬಾಕಿ ತೀರುವುದಿಲ್ಲ ಎಂದು ಆಗ ತಿಳಿಯಿತು. ಹಿಂದೆ ಇದು ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಆಗಿತ್ತು, 2024ರ ಜುಲೈನಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ. ಭೇಟಿಯ ಹಕ್ಕು ಕೇಳಲು ಹೋದವನು ಕಟಕಟೆಯಲ್ಲಿ ತಲೆ ತಗ್ಗಿಸಿ ನಿಂತೆ.

ಇನ್ನು ನಿಂದನೆಯ ವಿಷಯ. ಹಾಕಬಹುದು, ಆದರೆ ಮಡಿಕೇರಿಯಲ್ಲಲ್ಲ. 1971ರ ನ್ಯಾಯಾಂಗ ನಿಂದನೆ ಕಾಯ್ದೆಯ ಪ್ರಕಾರ ಕೆಳ ನ್ಯಾಯಾಲಯದ ಆದೇಶ ಮೀರಿದವರನ್ನು ಶಿಕ್ಷಿಸುವ ಅಧಿಕಾರ ಹೈಕೋರ್ಟಿನದು, ನಮಗೆ ಅದು ಬೆಂಗಳೂರು. ತಪ್ಪು ನಡೆದ ದಿನದಿಂದ ಒಂದು ವರ್ಷದೊಳಗೆ ಹೋಗಬೇಕು. ಶಿಕ್ಷೆ ಹೆಚ್ಚೆಂದರೆ ಆರು ತಿಂಗಳ ಸಾದಾ ಸೆರೆವಾಸ, 2,000 ರೂಪಾಯಿ ದಂಡ, ಅಥವಾ ಎರಡೂ. ಮನಃಪೂರ್ವಕ ಕ್ಷಮೆ ಕೇಳಿದರೆ ಬಿಟ್ಟುಬಿಡುವುದೂ ಉಂಟು. ನನ್ನ ವಕೀಲರು ಆ ದಿನ ಕೇಳಿದ್ದು ಒಂದೇ ಮಾತು: ‘ಅವನ ತಾಯಿಯನ್ನು ಒಳಗೆ ಹಾಕಿಸಿದವರು ನೀವು ಎಂದು ಮಗನಿಗೆ ಗೊತ್ತಾದ ಮೇಲೆ ಯಾವ ಶನಿವಾರ ಬರುತ್ತಾನೆ?’

ಆ ಕಾಯ್ದೆ ಹಿಡಿಯುವುದು ಬೇಕೆಂದೇ ಮಾಡಿದ ಉಲ್ಲಂಘನೆಯನ್ನು ಮಾತ್ರ. ನಮ್ಮ ಕೊಡಗಿನಲ್ಲಿ ಇದು ಸಣ್ಣ ಮಾತಲ್ಲ. ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆಯಲ್ಲಿ ಶಾಲೆಗೇ ರಜೆ ಕೊಟ್ಟ ದಿನ, ಮರ ಬಿದ್ದು ರಸ್ತೆ ಮುಚ್ಚಿದ ದಿನ ಮಗುವನ್ನು ಕರೆತರಲಿಲ್ಲ ಎಂದರೆ ಯಾವ ನ್ಯಾಯಾಧೀಶರೂ ಅದನ್ನು ಧಿಕ್ಕಾರ ಎನ್ನುವುದಿಲ್ಲ. 2018ರ ಆಗಸ್ಟ್‌ನ ಪ್ರವಾಹ, ಭೂಕುಸಿತ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಬಿಸಿಲಿರುವ ಫೆಬ್ರವರಿಯ ಎರಡೂ ಶನಿವಾರ ತಪ್ಪಿದರೆ ಬೇರೆ ಮಾತು. ನಿಮ್ಮ ಮೂರು ತಿಂಗಳು ಯಾವುವು ಎಂದು ನೀವು ಬರೆದಿಲ್ಲ.

ನನ್ನ ಅರ್ಜಿ ಹೈಕೋರ್ಟಿನವರೆಗೆ ಹೋಗದೇ ಇದ್ದದ್ದು ಇನ್ನೊಂದು ಕಾರಣಕ್ಕೆ, ಹೇಳಲು ನಾಚಿಕೆ. ಆದೇಶದ ದೃಢೀಕೃತ ಪ್ರತಿಯನ್ನು ನಾನು ಸರಿಯಾಗಿ ಓದಿಯೇ ಇರಲಿಲ್ಲ. ಅದರಲ್ಲಿದ್ದುದು ‘ರಜಾ ದಿನಗಳಲ್ಲಿ ಭೇಟಿಗೆ ಅವಕಾಶ’ ಎಂದಷ್ಟೇ. ಎಲ್ಲಿ, ಎಷ್ಟು ಹೊತ್ತಿಗೆ, ಕರೆತರುವವರು ಯಾರು, ಒಂದೂ ಇಲ್ಲ. ನಾನು ಕುಶಾಲನಗರದ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದೆ, ಆಕೆ ‘ಮನೆಗೆ ಬರಲಿ, ಬೇಡವೆಂದವರಾರು’ ಎನ್ನುತ್ತಿದ್ದಳು. ಆದೇಶದಲ್ಲೇ ಇಲ್ಲದ ಜಾಗಕ್ಕೆ ಬರಲಿಲ್ಲವೆಂದು ನಿಂದನೆ ಹೇಗಾಗುತ್ತದೆ? ಅದೇ ನ್ಯಾಯಾಲಯಕ್ಕೆ ಮಾರ್ಪಾಟು ಕೋರಿ ಅರ್ಜಿ ಹಾಕಿದೆವು. ಹಿಂದೂ ವಿವಾಹ ಕಾಯ್ದೆಯ 26ನೇ ಕಲಂ ಪ್ರಕಾರ ಮಕ್ಕಳ ಕುರಿತ ಆದೇಶವನ್ನು ಕಾಲಕಾಲಕ್ಕೆ ಬದಲಿಸಬಹುದು. ಹೊಸ ಆದೇಶದಲ್ಲಿ ಜಾಗ, ವೇಳೆ, ತಪ್ಪಿದ ಭೇಟಿಗೆ ಬದಲಿ ದಿನ, ಹುತ್ತರಿ ಸುಗ್ಗಿ ಹಬ್ಬಕ್ಕೆ ಒಂದು ದಿನ, ಎಲ್ಲ ಬಂತು.

ಅಷ್ಟಾದ ಮೇಲೂ ತಪ್ಪಿದರೆ ಅಮಲ್ಜಾರಿ ಅರ್ಜಿ, ಅಂದರೆ ಆದೇಶವನ್ನು ಜಾರಿ ಮಾಡಿಸಿಕೊಡಿ ಎಂಬ ಅರ್ಜಿ, ಅದೂ ಆದೇಶ ಕೊಟ್ಟ ನ್ಯಾಯಾಲಯದಲ್ಲೇ. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 18ನೇ ಕಲಂ ಇರುವುದೇ ಇದಕ್ಕೆ. ಮಗುವನ್ನು ತಂದು ತೋರಿಸುವಂತೆ ಮಾಡುವ ದಾರಿ ಇದು, ನಿಂದನೆ ಇದರ ನಂತರದ ಮಾತು. ನನ್ನ ವಿಷಯದಲ್ಲಿ ಅಮಲ್ಜಾರಿಯ ನೋಟಿಸ್ ಹೋದ ಮುಂದಿನ ಶನಿವಾರವೇ ಮಗ ಬಂದ, ಹೋಮ್‌ವರ್ಕ್ ಪುಸ್ತಕ ಸಮೇತ.

ಈಗಿನಿಂದಲೇ ಒಂದು ನೋಟ್‌ಬುಕ್ ಇಡಿ. ದಿನಾಂಕ, ಹೋದ ಜಾಗ, ಕಾದ ಹೊತ್ತು, ಬಂದ ಉತ್ತರ ಬರೆದು ಬಸ್ ಟಿಕೆಟನ್ನು ಅಲ್ಲೇ ಅಂಟಿಸಿ. ವಾಟ್ಸಾಪ್ ಸಂದೇಶಗಳನ್ನು ಮುದ್ರಿಸಿ ಕೊಡುವುದಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು, ವಕೀಲರಿಗೆ ನೆನಪಿಸಿ. ಆ ಸಂದೇಶಗಳಲ್ಲಿ ನೀವು ಬೈದದ್ದೂ ಮುದ್ರಣವಾಗುತ್ತದೆ.

ಈ ತಿಂಗಳ ಹಣ ಬ್ಯಾಂಕಿನ ಮೂಲಕವೇ ಹೋಗಲಿ. ಆಮೇಲೆ ಆದೇಶದ ಆ ಒಂದು ಸಾಲನ್ನು, ಹೆಸರುಗಳನ್ನು ಬಿಟ್ಟು, ಇಲ್ಲಿ ಬರೆಯಿರಿ. ಶನಿವಾರ ಎಂದಿದೆ ಸರಿ, ಎಲ್ಲಿ ಎಂದಿದೆಯೇ?